ಅಂತರ್ಜಾಲ ಬಾನುಲಿಯಲ್ಲಿ ಹಾಡುಪಟ್ಟಿಯ ಯಾದೃಚ್ಛಿಕ ಆವರ್ತನ

ಹಾಡುಪಟ್ಟಿಯ ಯಾದೃಚ್ಛಿಕ ಆವರ್ತನ ಎಂಬುದು ಅಂತರ್ಜಾಲ ಬಾನುಲಿ ಕೇಂದ್ರವೊಂದು ತನ್ನ ಸಂಗ್ರಹದಲ್ಲಿರುವ ಧ್ವನಿಮುದ್ರಿಕೆಗಳನ್ನು ಮುಂಗಾಣಲಾಗದ ಕ್ರಮದಲ್ಲಿ, ಆದರೆ ನಿರ್ದಿಷ್ಟ ನಿಯಮಗಳಿಗೆ ಒಳಪಟ್ಟು, ಮತ್ತೆ ಮತ್ತೆ ಪ್ರಸಾರ ಮಾಡುವ ವಿಧಾನ. ನಿರ್ವಾಹಕರಿಲ್ಲದ ಹೊತ್ತಿನಲ್ಲಿಯೂ ಪ್ರಸಾರ ನಿಲ್ಲದಂತೆ ನೋಡಿಕೊಳ್ಳಲು ಈ ಕೆಲಸವನ್ನು ಸಾಮಾನ್ಯವಾಗಿ ಒಂದು ಚಿಕ್ಕ ಗಣಕ ಆದೇಶಸರಣಿಗೆ, ಅಂದರೆ ಸ್ಕ್ರಿಪ್ಟಿಗೆ, ಒಪ್ಪಿಸಲಾಗುತ್ತದೆ. ಮುಂದಿನ ಹಾಡು ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಡುವುದಷ್ಟೇ ಈ ಸ್ಕ್ರಿಪ್ಟಿನ ಕರ್ತವ್ಯ. ಪ್ರಶ್ನೆ ಸರಳವಾಗಿ ಕಂಡರೂ ಉತ್ತರದಲ್ಲಿ ಸಂಭವನೀಯತೆಯ ಗಣಿತ, ಕೇಳುಗರ ಮನೋಧರ್ಮ, ಸಂಗೀತದ ಸಂಪ್ರದಾಯ, ಕೃತಿಸ್ವಾಮ್ಯದ ಕಾನೂನು ಇವೆಲ್ಲವೂ ಕೂಡಿಕೊಳ್ಳುತ್ತವೆ. ಈ ಲೇಖನದಲ್ಲಿ ವಿಧಾನದ ವಿವರಣೆಗೆ ವಿಜಯಪುರ ಜಿಲ್ಲೆಯ ಆಲಮಟ್ಟಿ ಸೀಮೆಯ ಸಂಗೀತವನ್ನು ನಿದರ್ಶನವಾಗಿ ಬಳಸಲಾಗಿದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಬಾನುಲಿಯ ಆರಂಭ 1935ರಲ್ಲಿ ಮೈಸೂರಿನಲ್ಲಿ ಆಯಿತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಖಾಸಗಿ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದಿಂದಲೇ ಬಂದುದು. ಹಾಡುಗಳ ಕ್ರಮದ ಪ್ರಶ್ನೆ ಕೊನೆಗೆ ಮನಶ್ಶಾಸ್ತ್ರದ ಪ್ರಶ್ನೆಯಾಗಿಯೇ ನಿಲ್ಲುವುದನ್ನು ಮುಂದೆ ಕಾಣಬಹುದಾದ್ದರಿಂದ ಕನ್ನಡದ ಮೊದಲ ಬಾನುಲಿಗ ಮನಶ್ಶಾಸ್ತ್ರಜ್ಞನಾಗಿದ್ದುದು ಸೊಗಸಾದ ಕಾಕತಾಳೀಯ. ಉತ್ತರ ಕರ್ನಾಟಕದ ಕೇಳುಗರಿಗೆ ಧಾರವಾಡ ಕೇಂದ್ರ 1950ರಲ್ಲಿ ದೊರೆಯಿತು. 2001ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರೇಡಿಯೋ ಸಿಟಿ ಭಾರತದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಯಿತು.

ಆಕಾಶವಾಣಿಯಲ್ಲಿ ಯಾವ ಹಾಡು ಎಷ್ಟು ಹೊತ್ತಿಗೆ ಎಂಬುದನ್ನು ಕಾರ್ಯಕ್ರಮ ನಿರ್ವಾಹಕರು ಕೈಬರಹದ ಪಟ್ಟಿಯಲ್ಲಿ ಮುಂಚಿತವಾಗಿಯೇ ನಿಗದಿಪಡಿಸುತ್ತಿದ್ದರು. ಕೆಲವೇ ಜನಪ್ರಿಯ ಹಾಡುಗಳನ್ನು ದಿನವಿಡೀ ಸುತ್ತಿಸುವ ಪದ್ಧತಿ 1950ರ ದಶಕದ ಅಮೆರಿಕದಲ್ಲಿ ಬೆಳೆಯಿತು; ಒಮಾಹಾ ನಗರದ ಟಾಡ್ ಸ್ಟೋರ್ಜ್ ಅದರ ಪ್ರವರ್ತಕರಲ್ಲಿ ಪ್ರಮುಖನು. ಆ ಸುತ್ತಾಟವನ್ನು ಗಣಕಕ್ಕೆ ವಹಿಸಿದ ತಂತ್ರಾಂಶಗಳಲ್ಲಿ 1979ರಲ್ಲಿ ಸ್ಥಾಪನೆಯಾದ ಆರ್‌ಸಿಎಸ್ ಸಂಸ್ಥೆಯ ‘ಸೆಲೆಕ್ಟರ್’ ಹೆಸರಾದುದು. 1990ರ ದಶಕದ ಕೊನೆಯಲ್ಲಿ ಶೌಟ್‌ಕಾಸ್ಟ್ ಹಾಗೂ ಮುಕ್ತ ತಂತ್ರಾಂಶವಾದ ಐಸ್‌ಕಾಸ್ಟ್ ಬಂದ ಮೇಲೆ, ಪ್ರಸಾರ ಗೋಪುರವಿಲ್ಲದೆ ಒಂದು ಗಣಕ ಮತ್ತು ಅಂತರ್ಜಾಲ ಸಂಪರ್ಕ ಇದ್ದ ಯಾರೇ ಆದರೂ ಕೇಂದ್ರ ನಡೆಸುವುದು ಸಾಧ್ಯವಾಯಿತು. ಆಗ ಪಟ್ಟಿ ಬರೆಯುವ ನಿರ್ವಾಹಕನ ಸ್ಥಾನವನ್ನು ಸ್ಕ್ರಿಪ್ಟು ತುಂಬಿತು.

ಪ್ರಸಾರ ಸರಪಣಿಯಲ್ಲಿ ಸ್ಕ್ರಿಪ್ಟಿನ ಸ್ಥಾನ

ಅಂತರ್ಜಾಲ ಬಾನುಲಿಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಮೂಲ ತಂತ್ರಾಂಶ. ಅದು ಕಡತಗಳನ್ನು ಓದಿ, ಎಂಪಿ3 ಅಥವಾ ಬೇರೆ ರೂಪಕ್ಕೆ ಸಂಕುಚಿಸಿ, ನಿಜವಾದ ಕಾಲದ ವೇಗದಲ್ಲಿ ಮುಂದಕ್ಕೆ ಕಳುಹಿಸುತ್ತದೆ. ಎರಡನೆಯದು ಐಸ್‌ಕಾಸ್ಟ್‌ನಂತಹ ಹಂಚಿಕೆ ಸರ್ವರ್; ಅದು ಬಂದುದನ್ನು ಕೇಳುಗರೆಲ್ಲರಿಗೂ ಪ್ರತ್ಯೇಕ ಪ್ರತ್ಯೇಕವಾಗಿ ಕಳುಹಿಸುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ಗಳ ಪ್ರಸಾರವನ್ನು 100 ಜನ ಒಮ್ಮೆಗೆ ಕೇಳಿದರೆ ಸರ್ವರ್‌ನಿಂದ ಸೆಕೆಂಡಿಗೆ 12.8 ಮೆಗಾಬಿಟ್ ಹೊರಹೋಗಬೇಕು; ಒಬ್ಬ ಕೇಳುಗನಿಗೆ ಗಂಟೆಗೆ ಸುಮಾರು 58 ಮೆಗಾಬೈಟ್ ಖರ್ಚಾಗುತ್ತದೆ. ಗೋಪುರದ ಬಾನುಲಿಯಲ್ಲಿ ಕೇಳುಗರು ಹೆಚ್ಚಿದರೂ ವೆಚ್ಚ ಹೆಚ್ಚುವುದಿಲ್ಲ, ಇಲ್ಲಿ ಹೆಚ್ಚುತ್ತದೆ.

ಆವರ್ತನದ ಸ್ಕ್ರಿಪ್ಟು ಮೂಲ ತಂತ್ರಾಂಶದೊಡನೆ ಮಾತಾಡುತ್ತದೆಯೇ ಹೊರತು ಸರ್ವರ್‌ನೊಡನಲ್ಲ. ಐಸಸ್, ಈಝ್‌ಸ್ಟ್ರೀಮ್ ಮುಂತಾದ ಹಳೆಯ ಮೂಲ ತಂತ್ರಾಂಶಗಳಲ್ಲಿ ಈ ಒಪ್ಪಂದ ಬಹಳ ಸರಳ: ಒಂದು ಹಾಡು ಮುಗಿದೊಡನೆ ತಂತ್ರಾಂಶವು ಸ್ಕ್ರಿಪ್ಟನ್ನು ಒಮ್ಮೆ ಚಲಾಯಿಸುತ್ತದೆ, ಸ್ಕ್ರಿಪ್ಟು ಒಂದು ಕಡತದ ಹೆಸರನ್ನು ಒಂದು ಸಾಲಿನಲ್ಲಿ ಮುದ್ರಿಸಿ ಮುಗಿಯುತ್ತದೆ. ಪರ್ಲ್, ಪೈಥಾನ್, ಶೆಲ್ ಯಾವ ಭಾಷೆಯಲ್ಲಿ ಬರೆದರೂ ನಡೆಯುತ್ತದೆ. ಈ ಸರಳತೆಗೆ ತೆರಬೇಕಾದ ಬೆಲೆಯೊಂದಿದೆ. ಪ್ರತಿ ಸಲವೂ ಸ್ಕ್ರಿಪ್ಟು ಹೊಸದಾಗಿ ಹುಟ್ಟಿ ಸಾಯುವುದರಿಂದ ಹಿಂದೆ ಏನು ನುಡಿಸಿದೆ ಎಂಬ ನೆನಪು ಅದಕ್ಕಿರುವುದಿಲ್ಲ. ನೆನಪನ್ನು ಕಡತದಲ್ಲಿ ಬರೆದಿಡಬೇಕು. ಫ್ರಾನ್ಸಿನಲ್ಲಿ ವಿದ್ಯಾರ್ಥಿಗಳ ಕೆಲಸವಾಗಿ ಆರಂಭವಾದ ಲಿಕ್ವಿಡ್‌ಸೋಪ್ ಬಾನುಲಿಗೆಂದೇ ರೂಪಿಸಿದ ಸ್ಕ್ರಿಪ್ಟ್ ಭಾಷೆ. ಅದು ಸದಾ ಚಾಲನೆಯಲ್ಲಿರುವುದರಿಂದ ನೆನಪು, ಹೊತ್ತಿನ ನಿಯಮ, ಹಾಡುಗಳ ನಡುವಿನ ನಯವಾದ ಕೂಡಿಕೆ ಇವೆಲ್ಲವನ್ನೂ ತಾನೇ ನಿಭಾಯಿಸಬಲ್ಲದು. ಅದರಲ್ಲಿ ಪಟ್ಟಿಗೆ ಮೂರು ಕ್ರಮಗಳಿವೆ: ಬರೆದಂತೆಯೇ ನುಡಿಸುವುದು, ಪಟ್ಟಿಯನ್ನು ಒಮ್ಮೆ ಕಲಸಿ ಪೂರ್ತಿ ನುಡಿಸುವುದು, ಪ್ರತಿ ಸಲವೂ ಹೊಸದಾಗಿ ಒಂದನ್ನು ಎತ್ತುವುದು. ಕೊನೆಯ ಎರಡನ್ನು ಹೊಸಬರು ಒಂದೇ ಎಂದು ತಿಳಿಯುವುದುಂಟು. ಅವು ಒಂದೇ ಅಲ್ಲ.

ಎತ್ತುವುದು ಮತ್ತು ಕಲಸುವುದು

500 ಹಾಡುಗಳ ಸಂಗ್ರಹವಿದ್ದು ಗಂಟೆಗೆ 15 ಹಾಡು ಪ್ರಸಾರವಾಗುತ್ತದೆ ಎಂದಿಟ್ಟುಕೊಳ್ಳೋಣ. ಪ್ರತಿ ಸಲವೂ 500ರಿಂದ ಒಂದನ್ನು ಸಮಾನ ಸಂಭವನೀಯತೆಯಿಂದ ಎತ್ತಿದರೆ, ಹಿಂದಿನ ಆಯ್ಕೆಗೂ ಮುಂದಿನ ಆಯ್ಕೆಗೂ ಸಂಬಂಧವಿರುವುದಿಲ್ಲ. ಹೀಗಾದಾಗ 27 ಹಾಡುಗಳಾಗುವಷ್ಟರಲ್ಲಿ, ಅಂದರೆ ಎರಡು ಗಂಟೆಗಿಂತ ಮೊದಲೇ, ಯಾವುದಾದರೂ ಒಂದು ಹಾಡು ಎರಡನೆಯ ಸಲ ಬಂದಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಒಂದೇ ಕೋಣೆಯಲ್ಲಿ 23 ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧ ದಾಟುತ್ತದೆ ಎಂಬ ಹೆಸರುವಾಸಿ ಲೆಕ್ಕದ ಇನ್ನೊಂದು ರೂಪವಿದು.

ಪುನರಾವರ್ತನೆಗಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳದಿರುವುದು. 500 ಸಲ ಎತ್ತಿದ ಮೇಲೂ ಸರಾಸರಿ 184 ಹಾಡುಗಳು ಒಮ್ಮೆಯೂ ಬಂದಿರುವುದಿಲ್ಲ. ಎಲ್ಲ ಹಾಡುಗಳೂ ಕನಿಷ್ಠ ಒಂದು ಸಲ ಬರಬೇಕಾದರೆ ಸರಾಸರಿ ಸುಮಾರು 3,400 ಸಲ ಎತ್ತಬೇಕು. ಗಂಟೆಗೆ 15ರಂತೆ ಒಂಬತ್ತು ದಿನಗಳಿಗೂ ಹೆಚ್ಚು ಕಾಲ ಬೇಕು. ಅಪರೂಪದ ಧ್ವನಿಮುದ್ರಿಕೆಯನ್ನು ಕಷ್ಟಪಟ್ಟು ಸಂಗ್ರಹಿಸಿದವರಿಗೆ ಅದು ವಾರಗಟ್ಟಲೆ ಪ್ರಸಾರವಾಗದಿದ್ದುದು ಗೊತ್ತೇ ಆಗದಿರಬಹುದು.

ಕಲಸುವ ಕ್ರಮದಲ್ಲಿ ಇಸ್ಪೀಟಿನ ಎಲೆಗಳಂತೆ ಇಡೀ ಪಟ್ಟಿಯನ್ನು ಬೆರೆಸಿ, ಮೇಲಿನಿಂದ ಒಂದೊಂದಾಗಿ ನುಡಿಸಿ, ಮುಗಿದ ಮೇಲೆ ಮತ್ತೆ ಬೆರೆಸಲಾಗುತ್ತದೆ. ಇದರಲ್ಲಿ 33 ಗಂಟೆ 20 ನಿಮಿಷಗಳಲ್ಲಿ ಪ್ರತಿ ಹಾಡೂ ಸರಿಯಾಗಿ ಒಂದು ಸಲ ಬಂದೇ ಬರುತ್ತದೆ. ಹಾಡುಗಳ ಬಾನುಲಿಗೆ ಈ ಕ್ರಮವೇ ಉಚಿತ.

ಫಿಶರ್–ಯೇಟ್ಸ್ ಕ್ರಮವಿಧಿ

ಪಕ್ಷಪಾತವಿಲ್ಲದೆ ಕಲಸುವ ವಿಧಾನವನ್ನು ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ 1938ರಲ್ಲಿ ತಮ್ಮ ಸಂಖ್ಯಾಶಾಸ್ತ್ರದ ಕೋಷ್ಟಕಗಳ ಪುಸ್ತಕದಲ್ಲಿ ವಿವರಿಸಿದರು. ಆಗ ಅದು ಕಾಗದ ಮತ್ತು ಸೀಸದಕಡ್ಡಿಯ ಕೆಲಸ. 1964ರಲ್ಲಿ ರಿಚರ್ಡ್ ಡರ್ಸ್ಟನ್‌ಫೆಲ್ಡ್ ಅದಕ್ಕೆ ಗಣಕಕ್ಕೊಪ್ಪುವ ರೂಪ ಕೊಟ್ಟನು. ಡೊನಾಲ್ಡ್ ಕ್ನೂತ್‌ನ ಗ್ರಂಥದಿಂದ ಅದು ಎಲ್ಲೆಡೆ ಹರಡಿತು.

ವಿಧಾನ ಹೀಗಿದೆ. ಪಟ್ಟಿಯ ಕೊನೆಯ ಸ್ಥಾನದಿಂದ ಆರಂಭಿಸಬೇಕು. ಮೊದಲ ಸ್ಥಾನದಿಂದ ಈಗ ನಿಂತಿರುವ ಸ್ಥಾನದವರೆಗೆ, ಆ ಸ್ಥಾನವನ್ನೂ ಸೇರಿಸಿಕೊಂಡು, ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಬೇಕು. ಆ ಎರಡು ಸ್ಥಾನಗಳ ಹಾಡುಗಳನ್ನು ಅದಲುಬದಲು ಮಾಡಬೇಕು. ಒಂದು ಸ್ಥಾನ ಹಿಂದೆ ಸರಿದು ಇದನ್ನೇ ಮಾಡುತ್ತ ಎರಡನೆಯ ಸ್ಥಾನ ಮುಗಿದಾಗ ನಿಲ್ಲಿಸಬೇಕು.

ಅ, ಆ, ಇ, ಈ, ಉ ಎಂಬ ಐದು ಹಾಡುಗಳಿವೆ ಎನ್ನೋಣ. ಐದನೆಯ ಸ್ಥಾನದಲ್ಲಿ ನಿಂತಾಗ 2 ಬಂದರೆ ಪಟ್ಟಿ ಅ, ಉ, ಇ, ಈ, ಆ ಎಂದಾಗುತ್ತದೆ. ನಾಲ್ಕನೆಯದರಲ್ಲಿ 4 ಬಂದರೆ ಬದಲಾವಣೆಯಿಲ್ಲ. ಮೂರನೆಯದರಲ್ಲಿ 1 ಬಂದರೆ ಇ, ಉ, ಅ, ಈ, ಆ. ಎರಡನೆಯದರಲ್ಲಿ 1 ಬಂದರೆ ಉ, ಇ, ಅ, ಈ, ಆ. ನಾಲ್ಕೇ ಹೆಜ್ಜೆಗಳಲ್ಲಿ ಕೆಲಸ ಮುಗಿಯಿತು. ಐದು ಹಾಡುಗಳ 120 ಕ್ರಮಗಳಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶವಿತ್ತು.

ಸಾಮಾನ್ಯ ದೋಷಗಳು

ಮೇಲಿನ ವಿಧಾನದಲ್ಲಿ ‘ಈಗ ನಿಂತಿರುವ ಸ್ಥಾನದವರೆಗೆ’ ಎಂಬ ಮಾತನ್ನು ಬಿಟ್ಟು ಪ್ರತಿ ಹೆಜ್ಜೆಯಲ್ಲೂ ಇಡೀ ಪಟ್ಟಿಯಿಂದ ಸಂಖ್ಯೆ ಆರಿಸುವುದು ಅತಿ ಸಾಮಾನ್ಯವಾದ ತಪ್ಪು. ಮೂರು ಹಾಡುಗಳಿದ್ದರೆ ಹೀಗೆ 27 ಸಮಾನ ದಾರಿಗಳಾಗುತ್ತವೆ. ಇರುವ ಕ್ರಮಗಳು 6. 27 ಎಂಬುದು 6ರಿಂದ ಭಾಗವಾಗದ ಕಾರಣ ಮೂರು ಕ್ರಮಗಳಿಗೆ ಐದೈದು ದಾರಿ, ಉಳಿದ ಮೂರಕ್ಕೆ ನಾಲ್ಕು ನಾಲ್ಕು ದಾರಿ ದಕ್ಕುತ್ತದೆ. ಪಕ್ಷಪಾತ ಗಣಿತದಿಂದಲೇ ಸಿದ್ಧವಾಗುತ್ತದೆ. ಎಷ್ಟು ಒಳ್ಳೆಯ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿದರೂ ಅದು ಹೋಗುವುದಿಲ್ಲ.

ಇನ್ನೊಂದು ತಪ್ಪು, ವಿಂಗಡಣೆಯ ತಂತ್ರವನ್ನು ಕಲಸಲು ಬಳಸುವುದು. ಎರಡು ವಸ್ತುಗಳಲ್ಲಿ ಯಾವುದು ಮೊದಲು ಎಂದು ವಿಂಗಡಣೆ ಕೇಳಿದಾಗಲೆಲ್ಲ ನಾಣ್ಯ ಚಿಮ್ಮಿದಂತೆ ಉತ್ತರ ಕೊಟ್ಟರೆ ಪಟ್ಟಿ ಕಲಸಿದಂತೆ ತೋರುತ್ತದೆ, ಆದರೆ ಸಮವಾಗಿ ಕಲಸಿರುವುದಿಲ್ಲ. 2010ರಲ್ಲಿ ಯುರೋಪಿನ ಬಳಕೆದಾರರಿಗೆ ಮೈಕ್ರೋಸಾಫ್ಟ್ ತೋರಿಸಬೇಕಾಗಿದ್ದ ಬ್ರೌಸರ್ ಆಯ್ಕೆಯ ಪುಟದಲ್ಲಿ ಐದು ಬ್ರೌಸರ್‌ಗಳ ಕ್ರಮವನ್ನು ಹೀಗೆಯೇ ನಿರ್ಧರಿಸಲಾಗಿತ್ತು. ಕ್ರಮ ಸಮವಾಗಿಲ್ಲವೆಂಬುದು ಹೊರಗಿನವರ ಪರೀಕ್ಷೆಯಿಂದ ಬಯಲಾಗಿ ಅದನ್ನು ತಿದ್ದಲಾಯಿತು.

ಲಿನಕ್ಸ್‌ನ ಶೆಲ್ ಬಳಸುವವರಿಗೆ ಮತ್ತೊಂದು ಹೊಂಡವಿದೆ. ಅಲ್ಲಿ ಸಾಲುಗಳನ್ನು ಬೆರೆಸಲು ‘ಶಫ್’ ಎಂಬ ಆದೇಶವೂ, ‘ಸಾರ್ಟ್’ ಆದೇಶದ ಯಾದೃಚ್ಛಿಕ ಆಯ್ಕೆಯೂ ಇವೆ. ಎರಡನೆಯದು ಪ್ರತಿ ಸಾಲಿಗೂ ಅದರ ಅಕ್ಷರಗಳಿಂದಲೇ ಒಂದು ಗುಪ್ತ ಸಂಖ್ಯೆಯನ್ನು ಹೊಂದಿಸಿ ಆ ಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ಹಾಗಾಗಿ ಒಂದೇ ತೆರನಾದ ಸಾಲುಗಳು ಅಕ್ಕಪಕ್ಕದಲ್ಲಿಯೇ ಬಂದು ಕೂರುತ್ತವೆ. ಹೆಚ್ಚು ಸಲ ಬರಲಿ ಎಂದು ಒಂದು ಹಾಡನ್ನು ಪಟ್ಟಿಯಲ್ಲಿ ಎರಡು ಸಲ ಬರೆದಿದ್ದರೆ ಅದು ಬೆನ್ನಿಗೆ ಬೆನ್ನು ಹತ್ತಿ ಎರಡು ಸಲ ಪ್ರಸಾರವಾಗುತ್ತದೆ. ‘ಶಫ್’ನಲ್ಲಿ ಈ ತೊಂದರೆಯಿಲ್ಲ.

ಬೀಜಸಂಖ್ಯೆಯ ಮಿತಿಯನ್ನೂ ಹೇಳಬೇಕು. ಗಣಕದ ಯಾದೃಚ್ಛಿಕ ಸಂಖ್ಯೆಗಳು ಒಂದು ಬೀಜಸಂಖ್ಯೆಯಿಂದ ಹುಟ್ಟುತ್ತವೆ. ಬೀಜ ಒಂದೇ ಆದರೆ ಕ್ರಮವೂ ಒಂದೇ. 32 ಬಿಟ್‌ಗಳ ಬೀಜದಿಂದ ಸುಮಾರು 429 ಕೋಟಿ ಕ್ರಮಗಳು ಮಾತ್ರ ಸಾಧ್ಯ. ಕೇವಲ 13 ಹಾಡುಗಳಿಗೇ 622 ಕೋಟಿಗೂ ಮೀರಿದ ಕ್ರಮಗಳಿವೆ. ಜೂಜಿನ ತಾಣಗಳಿಗೆ ಇದು ಪ್ರಾಣಾಂತಿಕ ದೋಷ. ಬಾನುಲಿಯ ಕೇಳುಗನಿಗೆ ಇದರಿಂದ ಏನೂ ನಷ್ಟವಿಲ್ಲ. ಆದರೆ ಬೀಜವನ್ನು ಸ್ಥಿರವಾಗಿ ಬರೆದಿಟ್ಟರೆ ಮಾತ್ರ ಪ್ರತಿ ಸಲ ಗಣಕ ಹೊತ್ತಿಸಿದಾಗಲೂ ಅದೇ ಹಾಡು ಮೊದಲು ಬರುವುದು ಯಾರ ಕಿವಿಗಾದರೂ ಬೀಳುತ್ತದೆ.

ಕೇಳುಗರ ಗ್ರಹಿಕೆ

ನಿಜವಾದ ಯಾದೃಚ್ಛಿಕತೆ ಕೇಳುಗರಿಗೆ ಯಾದೃಚ್ಛಿಕವಾಗಿ ತೋರುವುದಿಲ್ಲ. ಚೆನ್ನಾಗಿ ಕಲಸಿದ ಪಟ್ಟಿಯಲ್ಲಿಯೂ ಒಬ್ಬನೇ ಗಾಯಕನ ಮೂರು ಹಾಡುಗಳು ಒಟ್ಟಿಗೆ ಬರುವುದು ಸಹಜ. ಹಾಗೆ ಗುಂಪಾಗದಿರುವುದೇ ಅಸಹಜ. ಆದರೆ ಮನುಷ್ಯನ ಮನಸ್ಸು ಗುಂಪು ಕಂಡಲ್ಲಿ ಉದ್ದೇಶವನ್ನು ಊಹಿಸುತ್ತದೆ. ‘ಈ ಕೇಂದ್ರದವರು ಒಬ್ಬರದೇ ಹಾಡು ಹಾಕುತ್ತಾರೆ’ ಎಂಬ ದೂರು ಅಲ್ಲಿಂದ ಹುಟ್ಟುತ್ತದೆ. ಆಪಲ್ ಸಂಸ್ಥೆ 2005ರಲ್ಲಿ ಐಟ್ಯೂನ್ಸ್‌ಗೆ ಗುಂಪಾಗುವಿಕೆಯನ್ನು ಕಡಿಮೆ ಮಾಡುವ ಸೌಲಭ್ಯ ಸೇರಿಸಿದ್ದು ಇಂತಹ ದೂರುಗಳಿಂದಲೇ. ಸ್ಪಾಟಿಫೈ ಕೂಡ ಮೊದಲು ಫಿಶರ್–ಯೇಟ್ಸ್ ವಿಧಾನವನ್ನೇ ಬಳಸುತ್ತಿದ್ದು, ಬಳಕೆದಾರರ ಅಸಮಾಧಾನದ ನಂತರ ಅದನ್ನು ಬದಲಿಸಿದುದನ್ನು 2014ರಲ್ಲಿ ವಿವರಿಸಿತು.

ಬದಲಿ ವಿಧಾನದ ತಿರುಳು ಸರಳ. ಪ್ರತಿ ಕಲಾವಿದನ ಹಾಡುಗಳನ್ನು ಪ್ರತ್ಯೇಕವಾಗಿ ಕಲಸಿ, 0ಯಿಂದ 1ರವರೆಗಿನ ಒಂದು ಗೆರೆಯ ಮೇಲೆ ಸಮ ಅಂತರದಲ್ಲಿ ಇಡಲಾಗುತ್ತದೆ. ಮಲ್ಲಿಕಾರ್ಜುನ ಮನಸೂರರ ನಾಲ್ಕು ಧ್ವನಿಮುದ್ರಿಕೆಗಳಿದ್ದರೆ ಅಂತರ 0.25, ಮೊದಲನೆಯದನ್ನು 0ಯಿಂದ 0.25ರ ನಡುವೆ ಎಲ್ಲಾದರೂ ಯಾದೃಚ್ಛಿಕವಾಗಿ ಇಟ್ಟು, ಉಳಿದವನ್ನು ಅದಕ್ಕೆ 0.25ರಂತೆ ಕೂಡಿಸುತ್ತ ಹೋಗಬೇಕು. ಪ್ರತಿಯೊಂದನ್ನೂ ಸ್ವಲ್ಪ ಹಿಂದೆ ಮುಂದೆ ಅಲುಗಿಸಬೇಕು, ಇಲ್ಲದಿದ್ದರೆ ಕ್ರಮ ಯಾಂತ್ರಿಕವಾಗುತ್ತದೆ. ಎಲ್ಲ ಕಲಾವಿದರ ಗೆರೆಗಳನ್ನೂ ಒಂದರ ಮೇಲೊಂದಿಟ್ಟು ಎಡದಿಂದ ಬಲಕ್ಕೆ ಓದಿದರೆ ಪಟ್ಟಿ ಸಿದ್ಧ. ಇದರಿಂದ ಸಿಗುವ ಕ್ರಮ ಗಣಿತದ ಕಟ್ಟುನಿಟ್ಟಿನ ಅರ್ಥದಲ್ಲಿ ಯಾದೃಚ್ಛಿಕವಲ್ಲ. ಕೇಳುಗರಿಗೆ ಬೇಕಾದದ್ದು ಮಾತ್ರ ಇದೇ.

ಇದಕ್ಕಿಂತ ಚಿಕ್ಕ ಉಪಾಯವೂ ಇದೆ. ಕಲಸಿದ ಪಟ್ಟಿಯ ಮುಂದಿನ ಹಾಡು ಕಳೆದ ಒಂದು ಗಂಟೆಯಲ್ಲಿ ಬಂದ ಕಲಾವಿದನದಾಗಿದ್ದರೆ ಅದನ್ನು ಬದಿಗಿಟ್ಟು ಅದರ ಮುಂದಿನದನ್ನು ನೋಡುವುದು. ಇದನ್ನು ಬರೆಯುವಾಗ ಒಂದು ಎಚ್ಚರಿಕೆ ಅಗತ್ಯ: ಯಾವ ಹಾಡೂ ನಿಯಮಕ್ಕೆ ಹೊಂದದಿದ್ದರೆ ಸ್ಕ್ರಿಪ್ಟು ಹುಡುಕುತ್ತಲೇ ಉಳಿದು ಪ್ರಸಾರ ಮೌನವಾಗುತ್ತದೆ. ಇಂತಿಷ್ಟು ಪ್ರಯತ್ನಗಳ ನಂತರ ನಿಯಮವನ್ನು ಸಡಿಲಿಸಿ, ಎಲ್ಲಕ್ಕಿಂತ ಹಳೆಯದಾಗಿ ಪ್ರಸಾರವಾದ ಹಾಡನ್ನು ಒಪ್ಪಿಕೊಳ್ಳುವಂತೆ ಬರೆದಿರಬೇಕು. ಸುತ್ತಿನ ಸಂಧಿಯೂ ಹೀಗೆಯೇ ಕಾಡುತ್ತದೆ. ಒಂದು ಸುತ್ತಿನ ಕೊನೆಯ ಹಾಡು ಹೊಸ ಸುತ್ತಿನ ಮೊದಲನೆಯದಾಗಿ ಬರುವುದನ್ನು ಕಲಸುವಿಕೆ ತಾನಾಗಿ ತಡೆಯುವುದಿಲ್ಲ.

ಆಲಮಟ್ಟಿ ಸೀಮೆಯ ಸಂಗ್ರಹ: ಒಂದು ನಿದರ್ಶನ

ಆಲಮಟ್ಟಿ ಕೃಷ್ಣಾ ಮೇಲ್ದಂಡೆ ಯೋಜನೆಯ ಅಣೆಕಟ್ಟಿನಿಂದ ಹೆಸರಾದ ಊರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಇಲ್ಲಿನ ಉದ್ಯಾನದ ಸಂಗೀತ ಕಾರಂಜಿ ಪ್ರವಾಸಿಗರಿಗೆ ಪರಿಚಿತ. ಊರು ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಸುತ್ತಣ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಸಂಗೀತ ಬಹುರೂಪಿಯಾದುದು. ಬಸವಣ್ಣನವರ ಜನ್ಮಸ್ಥಳ ಬಾಗೇವಾಡಿ. ವಚನಗಾಯನ ಇಲ್ಲಿ ಜೀವಂತ ಪರಂಪರೆ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಂಗಸರ ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಸಿ ‘ಗರತಿಯ ಹಾಡು’ ಎಂಬ ಸಂಕಲನವನ್ನು 1931ರಲ್ಲಿ ಹೊರತಂದರು. ಗೀಗೀ ಪದ, ಡೊಳ್ಳಿನ ಪದ, ಮೊಹರಮ್ಮಿನ ರಿವಾಯತ್, ತತ್ವಪದ, ಶ್ರೀಕೃಷ್ಣ ಪಾರಿಜಾತದ ಆಟ, ಹಿಂದೂಸ್ತಾನಿ ಖ್ಯಾಲ್ ಇವೆಲ್ಲ ಇಲ್ಲಿ ಒಟ್ಟಿಗೆ ಬಾಳಿವೆ.

ಇಂತಹ ಸಂಗೀತದ ಒಂದು ಕಲ್ಪಿತ ಕೇಂದ್ರವನ್ನು ಊಹಿಸಿಕೊಳ್ಳಬಹುದು. ಸಂಗ್ರಹದಲ್ಲಿ 140 ವಚನಗಳು, 120 ಚಿತ್ರಗೀತೆಗಳು, 90 ಜನಪದ ಗೀತೆಗಳು, 60 ತತ್ವಪದಗಳು, 40 ಪಾರಿಜಾತದ ಭಾಗಗಳು, 50 ಖ್ಯಾಲ್‌ಗಳು, ಒಟ್ಟು 500 ಮುದ್ರಿಕೆಗಳಿವೆ ಎನ್ನೋಣ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕಲಸಿದರೆ ಮೊದಲು ಕೆಡುವುದು ಕಾಲದ ಲೆಕ್ಕ. ಖ್ಯಾಲ್‌ಗಳು ಸರಾಸರಿ 30 ನಿಮಿಷ, ಉಳಿದವು ಸರಾಸರಿ 5 ನಿಮಿಷ ಎಂದರೆ ಖ್ಯಾಲ್‌ಗಳಿಗೆ 1,500 ನಿಮಿಷ, ಉಳಿದ 450ಕ್ಕೆ 2,250 ನಿಮಿಷ ಬೇಕು. ಎಣಿಕೆಯಲ್ಲಿ ಹತ್ತರಲ್ಲಿ ಒಂದು ಪಾಲಿರುವ ಖ್ಯಾಲ್ ಪ್ರಸಾರದ ಕಾಲದಲ್ಲಿ ಹತ್ತರಲ್ಲಿ ನಾಲ್ಕು ಪಾಲನ್ನು ನುಂಗುತ್ತದೆ. ಇನ್ನೊಂದು ತುದಿಯಲ್ಲಿ ಒಂದು ತ್ರಿಪದಿ ಒಂದು ನಿಮಿಷವೂ ಇರಲಾರದು. ಅಂತಹವನ್ನು ಐದಾರರ ಗೊಂಚಲಾಗಿ ಕಟ್ಟಿ ಒಂದೇ ಘಟಕವೆಂದು ಪಟ್ಟಿಗೆ ಸೇರಿಸುವುದು ಮೇಲು.

ಇದಕ್ಕೆ ಬಾನುಲಿಯವರು ಕಂಡುಕೊಂಡ ಪರಿಹಾರ ವರ್ಗಗಳು ಮತ್ತು ‘ಗಡಿಯಾರ’. ಪ್ರತಿ ವರ್ಗಕ್ಕೂ ಪ್ರತ್ಯೇಕ ಪಟ್ಟಿ, ಪ್ರತಿ ಪಟ್ಟಿಗೂ ಪ್ರತ್ಯೇಕ ಕಲಸುವಿಕೆ. ಗಂಟೆಯ ಯಾವ ಜಾಗದಲ್ಲಿ ಯಾವ ವರ್ಗ ಎಂಬುದನ್ನು ಗಡಿಯಾರ ಹೇಳುತ್ತದೆ. ವಚನ, ಚಿತ್ರಗೀತೆ, ಜನಪದ, ಚಿತ್ರಗೀತೆ, ತತ್ವಪದ, ಕೇಂದ್ರದ ಹೆಸರಿನ ಘೋಷಣೆ, ಮತ್ತೆ ವಚನ ಎಂಬಂತೆ. ಲಿಕ್ವಿಡ್‌ಸೋಪ್‌ನಲ್ಲಿ ಇದಕ್ಕೆ ಎರಡು ಬಗೆ ಇವೆ: ನಿಗದಿತ ಸರದಿಯಲ್ಲಿ ಸುತ್ತುವುದು, ಅಥವಾ ಪ್ರತಿ ವರ್ಗಕ್ಕೂ ಒಂದು ತೂಕ ಕೊಟ್ಟು ಆ ತೂಕಕ್ಕೆ ತಕ್ಕಂತೆ ಎತ್ತುವುದು. ಘೋಷಣೆಗಳಿಗೆ ಮೊದಲನೆಯದೇ ಒಳ್ಳೆಯದು. ತೂಕದ ಮೇಲೆ ಬಿಟ್ಟರೆ ಕೇಂದ್ರದ ಹೆಸರು ಒಮ್ಮೆ ಬೆನ್ನುಬೆನ್ನಿಗೆ ಮೂರು ಸಲ ಬಂದು, ಇನ್ನೊಮ್ಮೆ ಎರಡು ಗಂಟೆ ಬಾರದೇ ಹೋಗುವುದುಂಟು.

ವರ್ಗದಲ್ಲಿ ಎಷ್ಟು ಹಾಡುಗಳಿರಬೇಕು ಎಂಬುದರಲ್ಲಿಯೂ ಒಂದು ಸೂಕ್ಷ್ಮವಿದೆ. ಗಂಟೆಗೊಂದರಂತೆ ಸರದಿಯಲ್ಲಿ ಬರುವ ವರ್ಗದಲ್ಲಿ 24 ಹಾಡುಗಳಿದ್ದು ಕ್ರಮ ಬದಲಾಗದಿದ್ದರೆ ಒಂದೊಂದು ಹಾಡೂ ದಿನಾಲು ಅದೇ ಗಂಟೆಗೆ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಕಿವಿಗೊಡುವವನಿಗೆ ಕೇಂದ್ರದಲ್ಲಿ ಒಂದೇ ಹಾಡು ಇದ್ದಂತೆ ತೋರುತ್ತದೆ. 25 ಹಾಡುಗಳಿದ್ದರೆ ದಿನಕ್ಕೆ ಒಂದು ಗಂಟೆ ಸರಿಯುತ್ತದೆ. 29 ಇದ್ದರೆ ಐದೈದು ಗಂಟೆ ಸರಿಯುತ್ತ ದಿನದ ಎಲ್ಲ ಹೊತ್ತಿಗೂ ಹರಡುತ್ತದೆ.

ರಾಗ ಮತ್ತು ಹೊತ್ತು

ಪಾಶ್ಚಾತ್ಯ ಬಾನುಲಿ ತಂತ್ರಾಂಶಗಳ ಕೈಪಿಡಿಗಳಲ್ಲಿ ಕಾಣಸಿಗದ ಒಂದು ನಿಯಮ ಹಿಂದೂಸ್ತಾನಿ ಸಂಗೀತಕ್ಕೆ ಅನಿವಾರ್ಯ. ದಿನವನ್ನು ಮೂರು ಮೂರು ಗಂಟೆಗಳ ಎಂಟು ಪ್ರಹರಗಳಾಗಿ ವಿಂಗಡಿಸಿ ಪ್ರತಿ ರಾಗಕ್ಕೂ ಹೊತ್ತು ಹೇಳಲಾಗಿದೆ. ಭೈರವ, ತೋಡಿ ಮುಂಜಾವಿನವು. ವೃಂದಾವನಿ ಸಾರಂಗ ಮಧ್ಯಾಹ್ನದ್ದು. ಭೀಮಪಲಾಸಿ, ಮುಲ್ತಾನಿ ಇಳಿಹೊತ್ತಿನವು. ಮಾರವಾ, ಪೂರಿಯಾ ಧನಾಶ್ರೀ ಸಂಜೆಯ ಸಂಧಿಕಾಲದವು. ಯಮನ್ ದೀಪ ಹಚ್ಚುವ ಹೊತ್ತಿನ ನಂತರದ್ದು. ಮಾಲಕಂಸ, ದರಬಾರಿ ಕಾನಡಾ ರಾತ್ರಿಯವು. ಮಧ್ಯಾಹ್ನ ಒಂದು ಗಂಟೆಗೆ ದರಬಾರಿ ಪ್ರಸಾರ ಮಾಡಿದರೆ ಸ್ಕ್ರಿಪ್ಟಿನ ಲೆಕ್ಕದಲ್ಲಿ ತಪ್ಪೇನೂ ಇರುವುದಿಲ್ಲ. ಧಾರವಾಡ, ವಿಜಯಪುರಗಳ ರಸಿಕರು ಮಾತ್ರ ಬಾನುಲಿಯನ್ನು ಆರಿಸುತ್ತಾರೆ.

ಆದ್ದರಿಂದ ಪ್ರತಿ ಖ್ಯಾಲ್‌ಗೂ ರಾಗ ಮತ್ತು ಪ್ರಹರದ ಗುರುತು ಹಚ್ಚಿ, ಈಗಿನ ಪ್ರಹರಕ್ಕೆ ಸೇರಿದವನ್ನು ಮಾತ್ರ ಕಲಸಬೇಕು. ಮೇಲಿನ ನಿದರ್ಶನದ 50 ಖ್ಯಾಲ್‌ಗಳು ಎಂಟು ಪ್ರಹರಗಳಿಗೆ ಹಂಚಿಹೋದರೆ ಒಂದಕ್ಕೆ ಸರಾಸರಿ ಆರೇಳು ಮಾತ್ರ ಉಳಿಯುತ್ತವೆ. ಬೇಗ ಪುನರಾವರ್ತನೆಯಾಗುವುದು ಖಚಿತ. ನಿಯಮ ಹೆಚ್ಚಿದಂತೆ ಸಂಗ್ರಹ ಕಿರಿದಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ, ಪ್ರಹರಕ್ಕೆ ಒಂದೇ ಖ್ಯಾಲ್ ಎಂದು ಗಡಿಯಾರದಲ್ಲಿ ಬರೆದರೆ ವಾರಕ್ಕೊಂದು ಸುತ್ತು ದೊರೆಯುತ್ತದೆ. ಭೈರವಿಗೆ ವಿನಾಯಿತಿ ಕೊಡಬಹುದು. ಅದು ಬೆಳಗಿನ ರಾಗವಾದರೂ ಕಚೇರಿಯ ಕೊನೆಯಲ್ಲಿ ಯಾವ ಹೊತ್ತಿಗೂ ಹಾಡುವುದು ರೂಢಿ.

ಗಡಿಯ ಪ್ರಶ್ನೆ ಇನ್ನೂ ಉಳಿಯುತ್ತದೆ. ಪ್ರಹರ ಮುಗಿಯಲು ಹತ್ತು ನಿಮಿಷವಿರುವಾಗ 50 ನಿಮಿಷದ ಮುಲ್ತಾನಿ ಆರಂಭವಾದರೆ ಬಹುಪಾಲು ಹೊತ್ತು ಮೀರಿದ ಮೇಲೆ ನುಡಿಯುತ್ತದೆ. ನಡುವೆ ಕತ್ತರಿಸುವುದು ಅದಕ್ಕಿಂತ ದೊಡ್ಡ ಅಪಚಾರ. ಲಿಕ್ವಿಡ್‌ಸೋಪ್‌ನ ಹೊತ್ತಿನ ನಿಯಮ ತಾನಾಗಿ ಹಾಡು ಮುಗಿಯುವವರೆಗೂ ಕಾಯುತ್ತದೆ, ಆದರೆ ಆರಂಭಿಸುವ ಮುನ್ನ ಉದ್ದವನ್ನು ನೋಡುವುದಿಲ್ಲ. ಮುದ್ರಿಕೆಯ ಅರ್ಧದಷ್ಟಾದರೂ ಉಳಿದ ಹೊತ್ತಿನೊಳಗೆ ಬೀಳುವಂತಿದ್ದರೆ ಮಾತ್ರ ಆರಿಸಬೇಕೆಂಬ ಸರಳ ನಿಯಮ ಬಹುತೇಕ ಸಾಕಾಗುತ್ತದೆ.

ಕನ್ನಡ ಹೆಸರುಗಳ ತೊಡಕು

ಕಲಾವಿದರ ಅಂತರದ ನಿಯಮ ಹೆಸರುಗಳ ಹೋಲಿಕೆಯ ಮೇಲೆ ನಿಂತಿದೆ. ಕನ್ನಡ ಸಂಗ್ರಹಗಳಲ್ಲಿ ಅದು ಸುಲಭವಾಗಿ ಕುಸಿಯುತ್ತದೆ. ಪಿ. ಬಿ. ಶ್ರೀನಿವಾಸ್ ಎಂಬ ಹೆಸರು ಒಂದು ಕಡತದಲ್ಲಿ ಹಾಗೆ, ಇನ್ನೊಂದರಲ್ಲಿ ಪಿಬಿಎಸ್, ಮತ್ತೊಂದರಲ್ಲಿ ರೋಮನ್ ಲಿಪಿಯಲ್ಲಿ ಇದ್ದರೆ ಸ್ಕ್ರಿಪ್ಟಿಗೆ ಅವರು ಮೂವರು ಗಾಯಕರು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಹೆಸರುಗಳು ಒಳಗೆ ರೋಮನ್ ಚಿಹ್ನೆಗಳಾಗಿಯೇ ಉಳಿದಿರುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸದ ಹೊರತು ಓದಲಾಗದು.

ಎಲ್ಲವೂ ಯೂನಿಕೋಡಿನಲ್ಲಿದ್ದರೂ ಕೆಲಸ ಮುಗಿಯದು. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಯೂನಿಕೋಡಿನ ಸಾಮಾನ್ಯೀಕರಣ ವಿಧಾನ ಇದನ್ನು ಸರಿಪಡಿಸುತ್ತದೆ. ಆದರೆ ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆಯನ್ನು ಆ ವಿಧಾನ ತೆಗೆಯುವುದಿಲ್ಲ. ಹೋಲಿಸುವ ಮುನ್ನ ಸ್ಕ್ರಿಪ್ಟೇ ಅದನ್ನು ಕಳಚಬೇಕು. ಇಷ್ಟೆಲ್ಲ ತಾಪತ್ರಯಕ್ಕಿಂತ ಪ್ರತಿ ಕಲಾವಿದನಿಗೂ ಒಂದು ಸಂಖ್ಯೆ ಕೊಟ್ಟು ಪ್ರತ್ಯೇಕ ಕೋಷ್ಟಕದಲ್ಲಿ ಇಡುವುದು ಸುಖ. ವಚನಗಳಿಗೆ ಕೃತಿಯ ಸಂಖ್ಯೆಯೂ ಬೇಕು. ಒಂದೇ ವಚನವನ್ನು ಮನಸೂರರೂ ಬಸವರಾಜ ರಾಜಗುರುಗಳೂ ಸಿದ್ಧರಾಮ ಜಂಬಲದಿನ್ನಿಯವರೂ ಹಾಡಿರಬಹುದು. ಗಾಯಕರು ಬೇರೆಯಾದುದರಿಂದ ನಿಯಮ ಒಪ್ಪಿದರೂ ಕೇಳುಗನಿಗೆ ಅದೇ ವಚನ ಹತ್ತು ನಿಮಿಷದಲ್ಲಿ ಎರಡು ಸಲ ಬಂದಂತಾಗುತ್ತದೆ.

ಹಾಡಿನ ಹೆಸರು ಕೇಳುಗನ ತೆರೆಯ ಮೇಲೆ ಕನ್ನಡದಲ್ಲಿಯೇ ಕಾಣಬೇಕಾದರೆ ಸರ್ವರ್‌ನ ಸಿದ್ಧತೆಯಲ್ಲಿ ಒಂದು ತಿದ್ದುಪಡಿ ಅಗತ್ಯ. ಎಂಪಿ3 ಪ್ರಸಾರಗಳ ವಿವರಗಳನ್ನು ಐಸ್‌ಕಾಸ್ಟ್ ಪಶ್ಚಿಮ ಯುರೋಪಿನ ಅಕ್ಷರಗಣದಲ್ಲಿವೆ ಎಂದೇ ಭಾವಿಸುತ್ತದೆ. ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ.

ನೆನಪು ಮತ್ತು ಮೌನ

ವಿದ್ಯುತ್ ಹೋಗಿ ಬಂದಾಗ ಸ್ಕ್ರಿಪ್ಟು ಹೊಸದಾಗಿ ಕಲಸಿದರೆ ಅರ್ಧ ಗಂಟೆ ಹಿಂದೆ ಬಂದ ಹಾಡು ಮತ್ತೆ ಬರುತ್ತದೆ. ಹಳೆಯ ಸುತ್ತಿನ ಬಾಲದಲ್ಲಿದ್ದ ಹಾಡುಗಳು ಸರದಿ ಕಳೆದುಕೊಳ್ಳುತ್ತವೆ. ದಿನಕ್ಕೆ ಎರಡು ಸಲ ವಿದ್ಯುತ್ ಹೋಗುವಲ್ಲಿ 33 ಗಂಟೆಗಳ ಸುತ್ತು ಎಂದೂ ಪೂರ್ತಿಯಾಗದು. ಆದುದರಿಂದ ಕಲಸಿದ ಪಟ್ಟಿಯನ್ನೂ ಅದರಲ್ಲಿ ತಲುಪಿರುವ ಸ್ಥಾನವನ್ನೂ ಪ್ರತಿ ಹಾಡಿನ ನಂತರ ಕಡತಕ್ಕೆ ಬರೆಯಬೇಕು. ನೇರವಾಗಿ ಹಳೆಯ ಕಡತದ ಮೇಲೆಯೇ ಬರೆದರೆ ಬರೆಯುವ ಕ್ಷಣದಲ್ಲಿ ವಿದ್ಯುತ್ ಹೋದಾಗ ಕಡತ ಖಾಲಿಯಾಗಿ ಉಳಿಯುವ ಅಪಾಯವಿದೆ. ತಾತ್ಕಾಲಿಕ ಕಡತಕ್ಕೆ ಬರೆದು, ಆಮೇಲೆ ಅದಕ್ಕೆ ಹಳೆಯ ಹೆಸರಿಡುವುದು ರೂಢಿಯ ಕ್ರಮ. ಸಂಗ್ರಹಕ್ಕೆ ಹೊಸ ಹಾಡು ಸೇರಿದಾಗ ಇಡೀ ಪಟ್ಟಿಯನ್ನು ಮತ್ತೆ ಕಲಸದೆ, ಇನ್ನೂ ಬಾರದಿರುವ ಭಾಗದಲ್ಲಿ ಯಾದೃಚ್ಛಿಕ ಸ್ಥಾನಕ್ಕೆ ತೂರಿಸಬೇಕು.

ಬಾನುಲಿಯಲ್ಲಿ ಮೌನ ಎಲ್ಲಕ್ಕಿಂತ ಕೆಟ್ಟ ದೋಷ. ಕಡತ ಅಳಿಸಿಹೋಗಿರಬಹುದು, ಹೆಸರು ಬದಲಾಗಿರಬಹುದು, ಮುದ್ರಿಕೆ ಹಾಳಾಗಿರಬಹುದು. ಸ್ಕ್ರಿಪ್ಟು ಹೆಸರನ್ನು ಹೇಳುವ ಮುನ್ನ ಕಡತ ಇದೆಯೇ ಎಂದು ನೋಡಬೇಕು. ಮೂಲ ತಂತ್ರಾಂಶದಲ್ಲಿ ಬದಲಿ ಪಟ್ಟಿಯೊಂದಿರಬೇಕು. ಮೂಲ ತಂತ್ರಾಂಶವೇ ನಿಂತರೆ ಕೇಳುಗರನ್ನು ಇನ್ನೊಂದು ಪ್ರಸಾರಕ್ಕೆ ಸಾಗಿಸುವ ಸೌಲಭ್ಯ ಐಸ್‌ಕಾಸ್ಟ್‌ನಲ್ಲಿಯೇ ಇದೆ. ಮೂಲ ಮರಳಿದಾಗ ಕೇಳುಗರನ್ನು ಹಿಂದಕ್ಕೆ ಕರೆತರುವಂತೆಯೂ ಸೂಚಿಸಿರಬೇಕು. ಇದನ್ನು ಮರೆತರೆ ಅವರು ಬದಲಿ ಪ್ರಸಾರದಲ್ಲಿಯೇ ಉಳಿದುಬಿಡುತ್ತಾರೆ.

ಕಾನೂನಿನ ನಿರ್ಬಂಧಗಳು

ಆವರ್ತನದ ನಿಯಮಗಳು ಕೆಲವು ದೇಶಗಳಲ್ಲಿ ಕಾನೂನಿನಲ್ಲಿಯೇ ಇವೆ. ಅಮೆರಿಕದಲ್ಲಿ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯ ಶಾಸನಬದ್ಧ ಪರವಾನಗಿಯಡಿ ಪ್ರಸಾರ ಮಾಡುವವರು ಯಾವುದೇ ಮೂರು ಗಂಟೆಗಳಲ್ಲಿ ಒಂದು ಆಲ್ಬಮಿನಿಂದ ಮೂರಕ್ಕಿಂತ ಹೆಚ್ಚು ಹಾಡುಗಳನ್ನು, ಅದರಲ್ಲೂ ಬೆನ್ನುಬೆನ್ನಿಗೆ ಎರಡಕ್ಕಿಂತ ಹೆಚ್ಚು, ನುಡಿಸುವಂತಿಲ್ಲ. ಒಬ್ಬ ಕಲಾವಿದನದಾದರೆ ಮಿತಿ ನಾಲ್ಕು, ಬೆನ್ನುಬೆನ್ನಿಗೆ ಮೂರು. ಮುಂದೆ ಬರುವ ಹಾಡುಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುವಂತೆಯೂ ಇಲ್ಲ. ಅಲ್ಲಿ ನೆಲೆಸಿ ಈ ಪರವಾನಗಿಯಡಿ ಪ್ರಸಾರ ಮಾಡುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಒಂದೇ ಚಿತ್ರದ ಎಲ್ಲ ಹಾಡುಗಳನ್ನು ಒಟ್ಟಿಗೆ ಕೇಳಿಸುವ ನಮ್ಮ ಬಾನುಲಿಯ ಹಳೆಯ ರೂಢಿ ಆ ಪರವಾನಗಿಯಡಿ ನಡೆಯುವುದಿಲ್ಲ.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಡಿ ಕಲಮು ಪ್ರಸಾರಕರಿಗೆ ಶಾಸನಬದ್ಧ ಪರವಾನಗಿಯನ್ನು ಕಲ್ಪಿಸಿತು. ಅಂತರ್ಜಾಲದ ಸೇವೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು ಟಿಪ್ಸ್ ಮತ್ತು ವಿಂಕ್ ನಡುವಿನ ವ್ಯಾಜ್ಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ 2019ರಲ್ಲಿ ತೀರ್ಪು ನೀಡಿತು. 2022ರಲ್ಲಿ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಅಂತರ್ಜಾಲ ಕೇಂದ್ರ ನಡೆಸುವವರು ಹಕ್ಕುದಾರರಿಂದ ಅಥವಾ ಅವರ ಸಂಘಗಳಿಂದ ನೇರವಾಗಿ ಅನುಮತಿ ಪಡೆಯಬೇಕಾಗುತ್ತದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕುಗಳ ಲೆಕ್ಕ ಬೇರೆ. ಅವು ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತವೆ. ಹನ್ನೆರಡನೆಯ ಶತಮಾನದ ವಚನಕ್ಕೆ ಕೃತಿಸ್ವಾಮ್ಯವಿಲ್ಲ, ಆದರೆ ಅದಕ್ಕೆ ಇಂದಿನವರು ಹಾಕಿದ ರಾಗಸಂಯೋಜನೆಗೂ ಅದರ ಧ್ವನಿಮುದ್ರಿಕೆಗೂ ಇದೆ. ಹಾಡಿನ ಕೋಷ್ಟಕದಲ್ಲಿ ಮುದ್ರಣದ ವರ್ಷಕ್ಕೂ ಅನುಮತಿಯ ಅವಧಿಗೂ ಒಂದೊಂದು ಅಂಕಣವಿಟ್ಟರೆ, ಅನುಮತಿ ತೀರಿದ ಮುದ್ರಿಕೆಯನ್ನು ಸ್ಕ್ರಿಪ್ಟು ಕಲಸುವ ಮುನ್ನವೇ ಬದಿಗಿಡಬಲ್ಲದು.